ನೆಲಬಾಂಬು ತೆರವು: ಅದು ದಾನವಲ್ಲ, ಸಾಲ
(ಉಪನ್ಯಾಸದ ಬರಹ ರೂಪ)



ದಾರಿಯಲ್ಲಿರುವ ಉಪದ್ರವಕಾರಿ ವಸ್ತುವನ್ನು ಸರಿಸುವುದೂ ಈಮಾನ್‌ನ ಒಂದು ಶಾಖೆಯೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಮುಳ್ಳು, ಕಲ್ಲುಗಳ ಉದಾಹರಣೆ ಕೊಟ್ಟು ನಾವು ಇದನ್ನು ನಮ್ಮ ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಅಫಘಾನಿಸ್ತಾನದ ಮಗುವಿನ ದಾರಿಯಲ್ಲಿರುವುದು ಮುಳ್ಳಲ್ಲ, ನೆಲಬಾಂಬು. ಅದನ್ನು ಸರಿಸುವ ಹೊಣೆ ಯಾರದು, ಅದರ ಖರ್ಚು ಯಾರದು ಎಂಬುದೇ ಇಂದು ನಾವು ಚಿಂತಿಸಬೇಕಾದ ವಿಷಯ.

1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಆ ದೇಶವನ್ನು ಪ್ರವೇಶಿಸಿತು; 1989ರ ಫೆಬ್ರವರಿಯಲ್ಲಿ ಮರಳಿತು. ಅದು ಹುಗಿದ ನೆಲಬಾಂಬುಗಳು ಮರಳಲಿಲ್ಲ. ವಿಮಾನಗಳಿಂದ ಉದುರಿಸಿದ್ದ ಚಿಟ್ಟೆಯಾಕಾರದ ಪುಟ್ಟ ಬಾಂಬುಗಳನ್ನು ಆಟಿಕೆಯೆಂದು ಎತ್ತಿಕೊಂಡ ಮಕ್ಕಳು ಕೈ ಕಳೆದುಕೊಂಡರು. ಬಳಿಕ ಅಧಿಕಾರಕ್ಕಾಗಿ ಪರಸ್ಪರ ಕಾದಾಡಿದ ಮುಜಾಹಿದ್ ಗುಂಪುಗಳು ಕಾಬೂಲಿನ ಬೀದಿಗಳಲ್ಲೂ ನೆಲಬಾಂಬು ಹುಗಿದವು. 2001ರಲ್ಲಿ ಅಮೆರಿಕ ಕ್ಲಸ್ಟರ್ ಬಾಂಬುಗಳನ್ನು ಸುರಿಸಿತು. ಅವುಗಳೊಳಗಿನ ಮರಿಬಾಂಬುಗಳೂ ಅದೇ ಅಮೆರಿಕ ಆಕಾಶದಿಂದ ಹಾಕಿದ ಆಹಾರದ ಪೊಟ್ಟಣಗಳೂ ಒಂದೇ ಹಳದಿ ಬಣ್ಣದವಾಗಿದ್ದವು!

ನಮ್ಮವರೆನಿಸಿಕೊಂಡವರ ಲೆಕ್ಕವನ್ನೂ ನಾವು ಮುಚ್ಚಿಡಬಾರದು. ನೆಲಬಾಂಬು ಇಸ್ಲಾಮ್‌ಗೆ ವಿರುದ್ಧವೆಂದು 1998ರಲ್ಲಿ ತಾಲಿಬಾನ್ ಆಡಳಿತವೇ ಘೋಷಿಸಿತ್ತು. ಆದರೆ 2001ರ ನಂತರದ ಯುದ್ಧದಲ್ಲಿ ತುಳಿದರೆ ಸಿಡಿಯುವ ಬಾಂಬುಗಳನ್ನು ರಸ್ತೆಗಳಲ್ಲಿ ಹುಗಿದವರೂ ಅವರೇ. ಅನ್ಯಾಯವನ್ನು ಅದೆಸಗಿದವನ ಹೆಸರು ನೋಡಿ ತೂಗುವುದನ್ನು ನಮ್ಮ ಧರ್ಮ ಕಲಿಸಿಲ್ಲ.

ನೆಲಬಾಂಬೊಂದನ್ನು ತಯಾರಿಸಲು ಕೆಲವೇ ಡಾಲರ್ ಸಾಕು. ಅದನ್ನು ಹುಡುಕಿ ತೆಗೆಯಲು ನೂರಾರು ಡಾಲರ್ ಬೇಕು. ಮಂಡಿಯೂರಿ, ಮಣ್ಣನ್ನು ಅಂಗುಲ ಅಂಗುಲವಾಗಿ ಶೋಧಿಸುವ ಕೆಲಸವದು. ವಿಶ್ವಸಂಸ್ಥೆಯ ನೆರವಿನಿಂದ 1989ರ ಸುಮಾರಿಗೆ ಆರಂಭವಾದ ಈ ಕಾರ್ಯದಲ್ಲಿ ದುಡಿಯುವವರು ಬಹುತೇಕ ಅಫಘಾನಿಗಳೇ. 2021ರ ಜೂನ್‌ನಲ್ಲಿ ಬಗ್ಲಾನ್ ಪ್ರಾಂತದಲ್ಲಿ ಇಂತಹ ಹತ್ತು ಮಂದಿಯನ್ನು ಅವರ ಶಿಬಿರದಲ್ಲೇ ಬಂದೂಕುಧಾರಿಗಳು ಕೊಂದರು. ಇತರರ ಮಕ್ಕಳ ಕಾಲುಳಿಸಲು ಹೊರಟವರು ಪ್ರಾಣವನ್ನೇ ತೆತ್ತರು.

1997ರ ಒಟ್ಟಾವ ಒಪ್ಪಂದವು ನೆಲಬಾಂಬುಗಳನ್ನು ನಿಷೇಧಿಸಿತು. ಶಕ್ತವಾದ ಸದಸ್ಯ ರಾಷ್ಟ್ರಗಳು ತೆರವು ಕಾರ್ಯಕ್ಕೆ ನೆರವಾಗಬೇಕೆಂದೂ ವಿಧಿಸಿತು. ಅಫಘಾನಿಸ್ತಾನ 2002ರಲ್ಲಿ ಇದಕ್ಕೆ ಸೇರಿತು. 2013ಕ್ಕೆ ಮುಗಿಯಬೇಕಾಗಿದ್ದ ಕೆಲಸದ ಗಡುವು ಮೊದಲು 2023ಕ್ಕೆ, ಬಳಿಕ 2025ಕ್ಕೆ ಸರಿಯಿತು. ನೆಲ ಇನ್ನೂ ಶುದ್ಧವಾಗಿಲ್ಲ. ಅಮೆರಿಕ, ರಷ್ಯ, ಚೀನಾಗಳಂತೆ ನಮ್ಮ ಭಾರತವೂ ಈ ಒಪ್ಪಂದಕ್ಕೆ ಸೇರಿಲ್ಲ ಎಂಬುದು ನೆನಪಿರಲಿ.

ಹಣ ಬರಲಿಲ್ಲವೆಂದಲ್ಲ. ಅಮೆರಿಕ, ಯುರೋಪ್ ಮತ್ತು ಜಪಾನ್‌ಗಳು ಬಹಳಷ್ಟು ಕೊಟ್ಟಿವೆ. ಅದನ್ನು ನಿರಾಕರಿಸುವುದು ಕೃತಘ್ನತೆಯಾದೀತು. ಆದರೆ ಆ ಹಣ ರಾಜಕೀಯದ ಗಾಳಿ ಬೀಸಿದತ್ತ ವಾಲಿತು. ವಿದೇಶಿ ಸೇನೆಗಳು ಮರಳತೊಡಗಿದಂತೆ ಅದು ಕುಗ್ಗಿತು. 2021ರ ಆಗಸ್ಟ್‌ನಲ್ಲಿ ಕಾಬೂಲಿನ ಆಡಳಿತ ಬದಲಾದಾಗ ದಾನಿಗಳು ಕೈ ಹಿಂತೆಗೆದರು. 2025ರ ಜನವರಿಯಲ್ಲಿ ಅಮೆರಿಕ ತನ್ನ ಬಹುತೇಕ ವಿದೇಶಿ ನೆರವನ್ನು ತಡೆಹಿಡಿದಾಗ ಜಗತ್ತಿನ ಹಲವೆಡೆ ತೆರವು ತಂಡಗಳು ಉಪಕರಣ ಕೆಳಗಿಟ್ಟವು.

ತಾಲಿಬಾನ್ ಆಡಳಿತ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ಮುಚ್ಚಿರುವುದನ್ನು ನಾವು ಖಂಡಿಸುತ್ತೇವೆ. ಜ್ಞಾನಾರ್ಜನೆಯನ್ನು ಕಡ್ಡಾಯಗೊಳಿಸಿದ ಧರ್ಮದ ಹೆಸರಲ್ಲಿ ಅದು ನಡೆಯಬಾರದಿತ್ತು. ಆದರೆ ಕುರಿ ಮೇಯಿಸುವ ಬಾಲಕನಿಗೆ ಅದರ ಶಿಕ್ಷೆಯೇಕೆ? ಕಾಬೂಲಿನ ಗದ್ದುಗೆಯಲ್ಲಿ ಯಾರಿದ್ದಾರೆಂದು ಕೇಳಿ ನೆಲಬಾಂಬು ಸಿಡಿಯುವುದಿಲ್ಲ. ಹುಗಿದವನು ತೆಗೆಯಲು ಕೊಡುವ ಹಣ ದಾನವಲ್ಲ, ಸಾಲದ ಮರುಪಾವತಿ. ಸಾಲಗಾರನು ಷರತ್ತು ಹಾಕುವಂತಿಲ್ಲ.

ಹಾಗಾದರೆ ಮುಸ್ಲಿಮ್ ಜಗತ್ತು? ಕಂದಹಾರದಲ್ಲಿ ನೆಲಬಾಂಬು ತೆಗೆಯಲು ಯು.ಎ.ಇ. ನೆರವಾದದ್ದುಂಟು. ಆದರೆ ಗಗನಚುಂಬಿ ಕಟ್ಟಡಗಳಿಗೂ ಶಸ್ತ್ರಾಸ್ತ್ರಗಳಿಗೂ ಹರಿಯುವ ತೈಲ ಸಂಪತ್ತಿನ ಮುಂದೆ ಇಂತಹ ನೆರವು ಎಷ್ಟರದು? ಪಾಶ್ಚಾತ್ಯರನ್ನು ಟೀಕಿಸುವ ನಮ್ಮ ನಾಲಗೆಯಷ್ಟೇ ನಮ್ಮ ಕೈಯೂ ಚುರುಕಾಗಬೇಕು. ನಮ್ಮ ಸದಕಾದ ಕಲ್ಪನೆಯಲ್ಲಿ ಮಸೀದಿಯ ಮಿನಾರದ ಜೊತೆ ಅಂಗವಿಕಲನ ಕೃತಕ ಕಾಲಿಗೂ ಜಾಗವಿರಲಿ. ನಮ್ಮ ದೇಶವೂ ಈ ಒಪ್ಪಂದಕ್ಕೆ ಸೇರಲೆಂದು ಪ್ರಜೆಗಳಾಗಿ ನಾವು ಆಗ್ರಹಿಸೋಣ.

ದಾರಿಯ ಮುಳ್ಳು ಸರಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನೂ ಸೇರಿಸಲಿ. ಆಮೀನ್.