ನೋವು ಬರೆದ ಪುಟದಲ್ಲಿ ಸಿಕ್ಕವರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಶಾಲೆಯ ನಿವೃತ್ತ ಕನ್ನಡ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)



ಇವತ್ತು ಸಂಭ್ರಮದ ದಿನ. ಇಂಥ ದಿನ ಈ ಮಾಸ್ತರ ದುಃಖದ ಮಾತು ಯಾಕೆ ತೆಗೆದ ಎಂದು ನಿಮಗೆ ಅನಿಸಬಹುದು. ಸಮಿತಿಯ ಹುಡುಗರು ಮನೆಗೆ ಬಂದು, "ನಿಮಗ ತಿಳಿದದ್ದು ಮಾತಾಡ್ರಿ ಸರ್" ಅಂದರು. ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದ್ದೇನೆ. ಸಂಧಿ ಸಮಾಸ ನಿಮಗೂ ಮರೆತಿದೆ, ನನಗೂ ಮರೆಯುತ್ತಾ ಬಂದಿದೆ. ಗಟ್ಟಿಯಾಗಿ ಉಳಿದದ್ದು ಒಂದೇ: ತಮ್ಮ ನೋವನ್ನು ಕಾಗದಕ್ಕೆ ಇಳಿಸಿದ ಮಕ್ಕಳ ಮುಖ.

ಇದು ನಮ್ಮ ನಾಡಿಗೆ ಹೊಸದಲ್ಲ. ಹಿಟ್ಟಿನ ಗಿರಣಿ ಬರುವ ಮುಂಚೆ ನಿಮ್ಮ ಅಜ್ಜಿ, ಮುತ್ತಜ್ಜಿಯರು ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದರು. ಅತ್ತೆಮನೆಯ ಕಷ್ಟ, ಕರೆಯಲು ಬಾರದ ಅಣ್ಣ, ಕಳೆದುಕೊಂಡ ಕೂಸು, ಹೀಗೆ ಯಾರ ಮುಂದೆಯೂ ಆಡಲಾಗದ್ದನ್ನು ಬೀಸುವ ಕಲ್ಲಿನ ಮುಂದೆ ಮೂರು ಮೂರು ಸಾಲಿನಲ್ಲಿ ಹಾಡಿಕೊಂಡರು. ಆ ಹಾಡುಗಳಲ್ಲಿ ಅಳುವಿನ ಪಕ್ಕದಲ್ಲೇ ಹರಕೆ ಇದೆ. ಹಡೆದವ್ವನಿಗೆ, ತವರಿಗೆ, ಅಣ್ಣತಮ್ಮಂದಿರಿಗೆ, ಕಡೆಗೆ ಆ ಕಲ್ಲಿಗೂ. 1931ರಲ್ಲಿ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೂಡಿಸಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಅಕ್ಷರ ಬಾರದವರ ಬರವಣಿಗೆ ಅದು ಎಂದೇ ನಾನು ತಿಳಿದಿದ್ದೇನೆ.

ಶಿಗ್ಗಾವಿ ತಾಲೂಕಿನವರಿಗೆ ಶಿಶುನಾಳ ಷರೀಫಸಾಹೇಬರ ಬಗ್ಗೆ ನಾನು ಹೇಳಬೇಕಾಗಿಲ್ಲ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಕೆಲಕಾಲ ಅವರೂ ನನ್ನ ಹಾಗೆ ಸಾಲಿ ಮಾಸ್ತರರು. (ಹಾಗೆ ಹೇಳಿಕೊಳ್ಳುವುದರಲ್ಲಿ ಹೆಮ್ಮೆ ನನಗೇ ಹೊರತು ಅವರಿಗಲ್ಲ!) ಹೆಂಡತಿ ಬೇಗ ತೀರಿಕೊಂಡರು, ಸಂಸಾರ ನಿಲ್ಲಲಿಲ್ಲ. ಅವರು ಪದ ಕಟ್ಟಿದ್ದು ಯಾವುದರ ಮೇಲೆ? ಸೋರುವ ಮಾಳಿಗೆಯ ಮೇಲೆ, ಮಗ್ಗದ ಮೇಲೆ, ಕೋಳಿಯ ಮೇಲೆ. ತತ್ವ ಎಷ್ಟೇ ದೊಡ್ಡದಿದ್ದರೂ ಮನೆಯ ಜಂತಿ ತೊಲೆ ನೋಡುವುದನ್ನು ಅವರು ಬಿಡಲಿಲ್ಲ. ಇದನ್ನು ನೆನಪಿಡಿ. ನಾನು ಮುಂದೆ ಹೇಳುವುದೆಲ್ಲ ಇದೇ.

ಶನಿವಾರದ ಕೊನೆಯ ಪಿರಿಯಡ್ ನಿಮಗೆ ನೆನಪಿರಬಹುದು. "ಮನೆಯಲ್ಲಿ ಕಷ್ಟ ಬಂದಿದ್ದ ಒಂದು ದಿನ ಬರೀರಿ. 'ಬಹಳ ದುಃಖವಾಯಿತು' ಅನ್ನುವುದು ಬೇಡ. ಯಾರು ಬಂದರು, ಏನು ತಂದರು, ಮಳೆ ಇತ್ತೋ ಬಿಸಿಲಿತ್ತೋ, ಅದನ್ನ ಬರೀರಿ. ಅಂಕ ಇಲ್ಲ, ಕೆಂಪು ಶಾಯಿ ಇಲ್ಲ" ಅನ್ನುತ್ತಿದ್ದೆ. ಮನಸ್ಸಿಲ್ಲದವರು ಚಿತ್ರ ಬರೆಯಬಹುದಿತ್ತು. ಕೆಲವರು ವರ್ಷವಿಡೀ ಮಾವಿನಮರವನ್ನೇ ಬರೆದರು.

ಒಬ್ಬ ಹುಡುಗಿಯ ವಿಷಯ ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಊರು, ಹೆಸರು ಬೇಡ. ಗೋವಿನಜೋಳ ಒಣಗಿದ ವರ್ಷ ಅಪ್ಪನನ್ನು ಕಳೆದುಕೊಂಡಿದ್ದಳು. ಹೇಗೆ ಎಂದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಶನಿವಾರ ಅವಳು ಬರೆದದ್ದು ಒಂದೇ ಸಾಲು: ನಮಗೆ ಯಾರೂ ಇಲ್ಲ. ಅದರ ಕೆಳಗೆ ನಾನೊಂದು ಪ್ರಶ್ನೆ ಬರೆದೆ: ಆ ರಾತ್ರಿ ಏನು ಉಂಡಿರಿ?

ಮುಂದಿನ ವಾರ ಎರಡು ಪುಟ ಬಂತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಊಟ ಹೊರಗಿನಿಂದ ಬರಬೇಕು. ಯಾವ ದಿನ ಯಾರ ಮನೆಯ ರೊಟ್ಟಿ ಎಂದು ದಿನ ಹಿಡಿದು ಬರೆದಿದ್ದಳು. ಎದುರುಮನೆಯ ಚಿಗವ್ವ ಝುಣಕ ತಂದದ್ದು. ಎಮ್ಮೆ ಹಿಂಡಿ ಕೊಟ್ಟು ಹೋದವರು. ಅಪ್ಪನ ಜೊತೆ ಬದುವಿನ ಜಗಳವಾಡಿ ಮಾತು ಬಿಟ್ಟಿದ್ದ ಕಾಕಾ ಮುಂದಿನ ಮುಂಗಾರಿಗೆ ಕರೆಯದೇ ಬಂದು ತನ್ನ ಎತ್ತು ಹೂಡಿ ಅವರ ಹೊಲ ಬಿತ್ತಿ ಹೋದದ್ದು. ಮೂರನೆಯ ವಾರ ಒಂದು ಪುಂಡಿಪಲ್ಯದ ಕಥೆ. ಅದಕ್ಕೆ ಉಪ್ಪು ಎರಡು ಸಲ ಬಿದ್ದಿತ್ತಂತೆ. ತಂದವರ ಮುಂದೆ ಯಾರೂ ಬಾಯಿ ಬಿಡಲಿಲ್ಲ, ತಮ್ಮ ಮಾತ್ರ ಮೂರು ಚರಿಗೆ ನೀರು ಕುಡಿದ. ಅದನ್ನು ನನಗೆ ಓದಿ ಹೇಳುವಾಗ ಹುಡುಗಿ ನಕ್ಕಳು. ಅಪ್ಪ ಹೋದ ಮೇಲೆ ಅವಳ ನಗು ನಾನು ನೋಡಿದ್ದು ಅದೇ ಮೊದಲು. ಆ ಪುಟಗಳಲ್ಲಿ 'ಕೃತಜ್ಞತೆ', 'ಉಪಕಾರ' ಎಂಬ ಶಬ್ದ ಎಲ್ಲಿಯೂ ಇಲ್ಲ. 'ಯಾರೂ ಇಲ್ಲ' ಎಂಬ ಸಾಲನ್ನು ಅವಳೇ ಹೊಡೆದುಹಾಕಿದ್ದಳು.

ಇದಕ್ಕೆ ವಿಜ್ಞಾನದ ಆಧಾರವೂ ಇದೆ ಎಂದು ಆಮೇಲೆ ಓದಿ ತಿಳಿದೆ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಹಸಂಶೋಧಕಿಯೊಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ತಮ್ಮ ಕಷ್ಟದ ಘಟನೆಯನ್ನಷ್ಟೇ, ಕೆಲವರು ಭಾವನೆಯನ್ನಷ್ಟೇ, ಕೆಲವರು ಎರಡನ್ನೂ. ಬರೆದ ಕೂಡಲೇ ಮನಸ್ಸು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಎರಡನ್ನೂ ಬರೆದವರು ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ್ದು ಕಡಿಮೆ. ಬರೀ ಗೋಳಾಡಿದರೆ ಸಾಲದು, ನಡೆದದ್ದನ್ನೂ ಬರೆಯಬೇಕು. ಷರೀಫರ ಜಂತಿ ತೊಲೆ ಇಲ್ಲಿಗೆ ಬಂತು ನೋಡಿ.

ಬೇಂದ್ರೆಯವರೂ ನಮ್ಮವರೇ. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ನಾವೆಲ್ಲ ಧಾರವಾಡ ಜಿಲ್ಲೆಯವರಲ್ಲವೆ? ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡ ತಂದೆ ಅವರು. ಮಗು ಹೋದಾಗ ಹೆಂಡತಿ ತನ್ನತ್ತ ನೋಡಿದ ನೋಟವನ್ನು ಅವರು ಕವಿತೆ ಮಾಡಿದ್ದನ್ನು ನಾನು ಪಾಠ ಮಾಡಿದಾಗಲೆಲ್ಲ ತರಗತಿ ಸ್ತಬ್ಧವಾಗುತ್ತಿತ್ತು. 'ಸಖೀಗೀತ'ದಲ್ಲಿ ಸಂಸಾರದ ಸುಖದುಃಖಗಳನ್ನು ಹೇಳಿಕೊಂಡದ್ದು ಆ ಹೆಂಡತಿಯ ಮುಂದೆಯೇ. ಕಷ್ಟದ ಲೆಕ್ಕ ಬರೆಯುತ್ತಾ ಹೋದರೆ, ಕಷ್ಟದಲ್ಲಿ ಪಕ್ಕಕ್ಕೆ ನಿಂತವರ ಲೆಕ್ಕವೂ ಆಗುತ್ತದೆ. ಹೋದ ಮಗು ಮರಳಲಿಲ್ಲ, ನಿಜ. ಬರೆದರೆ ದುಃಖ ಕರಗಿಹೋಗುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ಇನ್ನೂ ಒಂದು ಮಾತು. ಎಲ್ಲ ನೋವಿಗೂ ಧನ್ಯವಾದ ಹೇಳಬೇಕಾಗಿಲ್ಲ. ಆ ಹುಡುಗಿ ಸಾಲ ಕೊಟ್ಟವನ ಬಗ್ಗೆಯೂ ಬರೆದಿದ್ದಳು. ಸಿಟ್ಟಿನಲ್ಲೇ ಬರೆದಿದ್ದಳು, ಹಾಗೇ ಇರಲಿ ಎಂದೆ. ಹೊಡೆತ ತಿಂದವರಿಗೆ 'ಒಳ್ಳೆಯದನ್ನು ನೆನೆ' ಅನ್ನುವುದು ಉಪದೇಶವಲ್ಲ, ಅನ್ಯಾಯ. ಬರೆಯುತ್ತ ಬದುಕೇ ಬೇಡ ಅನಿಸಿದರೆ ಪೆನ್ನು ಕೆಳಗಿಟ್ಟು ಯಾರನ್ನಾದರೂ ಕರೆಯಿರಿ. ಸರಕಾರದ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಈಗಿನ ಹತ್ತನೆಯ ತರಗತಿಯ ಮಕ್ಕಳು ಈ ನಂಬರನ್ನು ಬರೆದುಕೊಳ್ಳಿ.

ಕಡೆಯದಾಗಿ, ನಿಮ್ಮ ಶನಿವಾರದ ನೋಟುಬುಕ್ಕುಗಳಲ್ಲಿ ನಲವತ್ತಾರು ಇನ್ನೂ ನನ್ನ ಹತ್ತಿರ ಇವೆ. ಟ್ರಂಕಿನಲ್ಲಿ ತಂದು ಸ್ಟಾಫ್ ರೂಮಿನಲ್ಲಿ ಇಟ್ಟಿದ್ದೇನೆ. ಊಟವಾದ ಮೇಲೆ ಬಂದು ನಿಮ್ಮ ನಿಮ್ಮದನ್ನು ಒಯ್ಯಿರಿ. ಇನ್ನೊಬ್ಬರದನ್ನು ಯಾರೂ ತೆರೆಯಬೇಡಿ, ಬಾಗಿಲಲ್ಲಿ ನಾನೇ ಕೂತಿರುತ್ತೇನೆ.