ನಿಷ್ಠೆಯ ಬೆಲೆ

ದೇವರಲ್ಲಿ ನಿಷ್ಠೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ದಾನಿಯೇಲನ ಸಿಂಹದ ಗವಿ, ಸ್ತೆಫನನ ಮೇಲೆ ಬಿದ್ದ ಕಲ್ಲುಗಳು. ಸಂಕಟವು ಹಾಗೆ ಬಹಿರಂಗವಾಗಿ ಬಂದರೆ ಮನುಷ್ಯನಿಗೆ ಒಂದು ಅನುಕೂಲವುಂಟು. ತಾನು ಪರೀಕ್ಷೆಗೆ ಒಳಗಾಗಿದ್ದೇನೆಂಬುದು ಅವನಿಗೆ ತಿಳಿದಿರುತ್ತದೆ. ಬೀದರಿನ ನಮ್ಮ ಮೈಲೂರಿನಲ್ಲಿ, ಭಾಲ್ಕಿ ಔರಾದಗಳ ಹಳ್ಳಿಗಳಲ್ಲಿ, ಬಡ ಕ್ರೈಸ್ತನಿಗೆ ಆ ಪರೀಕ್ಷೆ ಬರುವುದು ಒಂದು ಅರ್ಜಿಯ ರೂಪದಲ್ಲಿ. ಮಗನನ್ನು ಶಾಲೆಗೆ ಸೇರಿಸುವ ದಿನ ಧರ್ಮ, ಜಾತಿ ಎಂಬ ಎರಡು ಖಾಲಿ ಜಾಗಗಳು ತಂದೆಯ ಮುಂದಿರುತ್ತವೆ.

ಈ ಸೀಮೆಯ ಕ್ರೈಸ್ತರಲ್ಲಿ ಬಹುಮಂದಿ ಮೆಥೊಡಿಸ್ಟ್ ಸಭೆಗೆ ಸೇರಿದವರು. ಅವರ ಹಿರಿಯರಲ್ಲಿ ಅನೇಕರು ಊರ ಹೊರಗಿನ ಕೇರಿಗಳಲ್ಲಿದ್ದು, ಅನ್ಯರ ಹೊಲಗಳಲ್ಲಿ ದುಡಿದವರು. 1950ರಲ್ಲಿ ರಾಷ್ಟ್ರಪತಿಗಳು ಹೊರಡಿಸಿದ ಪರಿಶಿಷ್ಟ ಜಾತಿಗಳ ಆಜ್ಞೆಯ ಪ್ರಕಾರ ಹಿಂದೂ ಧರ್ಮವನ್ನು ಬಿಟ್ಟು ಬೇರೆ ಧರ್ಮವನ್ನು ಅನುಸರಿಸುವವನು ಪರಿಶಿಷ್ಟ ಜಾತಿಯವನೆನಿಸುವುದಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಈ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಕರ್ನಾಟಕದಲ್ಲಿ ಅಂಥವರನ್ನು ಹಿಂದುಳಿದವರ ಮೊದಲನೆಯ ಪ್ರವರ್ಗದಲ್ಲಿ ಸೇರಿಸಿರುವುದು ನಿಜ. ಆದರೆ ಪರಿಶಿಷ್ಟರಿಗಿರುವ ಮೀಸಲಾತಿಯ ಪಾಲೂ ಚುನಾವಣೆಯ ಮೀಸಲು ಕ್ಷೇತ್ರವೂ ಅವರಿಗಿಲ್ಲ. ದೀಕ್ಷಾಸ್ನಾನದ ನೀರು ಕೇರಿಯನ್ನು ತೊಳೆಯಲಿಲ್ಲ. ಕೇರಿಯವನಿಗೆ ದೊರೆಯಬೇಕಾದ ನೆರವನ್ನು ಮಾತ್ರ ತೊಳೆದುಹಾಕಿತು.

ಆದ್ದರಿಂದಲೇ ಎಷ್ಟೋ ಮನೆಗಳಲ್ಲಿ ಒಬ್ಬನಿಗೆ ಎರಡು ಹೆಸರು. ಸಭೆಯ ದಾಖಲೆಯಲ್ಲಿ ಸಾಮುವೇಲ, ಶಾಲೆಯ ದಾಖಲೆಯಲ್ಲಿ ಶರಣಪ್ಪ. ಭಾನುವಾರ ಹಾಡುವ ಬಾಯಿ ಸೋಮವಾರ ಕಚೇರಿಯಲ್ಲಿ ಮೌನವಾಗುತ್ತದೆ. ಇವನನ್ನು ಏನೆಂದು ಕರೆಯೋಣ? ವಿಶ್ವಾಸದ್ರೋಹಿಯೆಂದೇ?

ತೀರ್ಪು ಕೊಡುವ ಮುನ್ನ ನಮ್ಮ ನಾಡಿನ ಇತಿಹಾಸದ ಒಂದು ಪುಟವನ್ನು ನೋಡುವುದು ಒಳ್ಳೆಯದು. 1784ರ ವಿಭೂತಿ ಬುಧವಾರ. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅವರ ಸಂಖ್ಯೆಯನ್ನು ಮೂವತ್ತು ಸಾವಿರವೆಂದವರೂ ಉಂಟು, ಎಂಬತ್ತು ಸಾವಿರವೆಂದವರೂ ಉಂಟು. ಮಂಗಳೂರಿನಲ್ಲಿ 1680ರಲ್ಲಿ ಕಟ್ಟಿದ ಮಿಲಾಗ್ರಿಸ್ ದೇವಾಲಯವೂ ನೆಲಸಮವಾಯಿತು. ದಾರಿಯಲ್ಲಿ ಸತ್ತವರು ಬಹಳ. ಉಳಿದವರಲ್ಲಿ ಅನೇಕರು ಬಲವಂತದ ಮತಾಂತರಕ್ಕೆ ಒಳಗಾದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವವರೆಗೆ, ಹದಿನೈದು ವರ್ಷ ಅವರು ಬೇರೆ ಹೆಸರುಗಳಲ್ಲಿ ಬದುಕಿದರು.

ಆ ಪತನದ ಬಳಿಕ ಈ ಜನರನ್ನು ಒಟ್ಟುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ದುಬುವಾ. ಭಾರತದಲ್ಲಿ ಮೂರು ದಶಕ ಕಳೆದು, ಹಿಂದಿರುಗಿದ ವರ್ಷವಾದ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಅವರು ಕಟುವಾಗಿ ದೂರಿದರು: ಇಷ್ಟು ಸಾವಿರ ಮಂದಿಯಲ್ಲಿ ತನ್ನ ನಂಬಿಕೆಯನ್ನು ಬಹಿರಂಗವಾಗಿ ಸಾರಿ ರಕ್ತಸಾಕ್ಷಿಯಾಗುವ ಧೈರ್ಯವುಳ್ಳವನು ಒಬ್ಬನೂ ಇರಲಿಲ್ಲವಲ್ಲ! ದುಬುವಾ ಆ ಜನರ ನಡುವೆ ದುಡಿದವರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಅವರ ಲೆಕ್ಕದಲ್ಲಿ ಒಂದು ಸಂಗತಿಗೆ ತಕ್ಕ ಬೆಲೆ ದೊರೆಯಲಿಲ್ಲವೆಂದು ನನಗನ್ನಿಸುತ್ತದೆ. ಬಾಗಿಲು ತೆರೆದ ದಿನ ಆ ಜನ ಹಿಂದಿರುಗಿದರು. ಬೇಕೆಂದಿದ್ದರೆ ಹೊಸ ಹೆಸರಿನಲ್ಲಿಯೇ ಉಳಿಯಬಹುದಿತ್ತು. ಸಾವಿರಾರು ಮಂದಿ ಮತ್ತೆ ಘಟ್ಟವಿಳಿದು, ಕಳೆದುಹೋದ ಹೊಲಗಳ ಅಂಚಿನಲ್ಲಿ ನಿಂತು, ಮುರಿದ ದೇವಾಲಯಗಳನ್ನು ಪುನಃ ಎಬ್ಬಿಸಿದರು. ಮಿಲಾಗ್ರಿಸ್ ಇಂದಿಗೂ ನಿಂತಿದೆ. ಹದಿನೈದು ವರ್ಷ ಹೆಸರಿಲ್ಲದೆ ಬದುಕಿಕೊಂಡಿದ್ದ ಆ ನಂಬಿಕೆಯನ್ನು ನಿಷ್ಠೆಯಲ್ಲವೆಂದು ಹೇಳುವುದು ಹೇಗೆ? ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತ ಮೂರು ಬಾರಿ ಗುರುವನ್ನು ಅರಿಯೆನೆಂದ ಪೇತ್ರನನ್ನು ಕ್ರಿಸ್ತನು ತಳ್ಳಿಬಿಡಲಿಲ್ಲ. ಸರೋವರದ ದಡದಲ್ಲಿ ಮೂರು ಬಾರಿ ಪ್ರೀತಿಯನ್ನು ಕುರಿತು ಕೇಳಿ, ಹಿಂಡನ್ನೇ ಅವನ ಕೈಗೊಪ್ಪಿಸಿದನು.

ಹೀಗೆಂದ ಮಾತ್ರಕ್ಕೆ ಎರಡು ಹೆಸರಿನ ಬಾಳು ಸರಿಯೆಂದು ನಾನು ಹೇಳುತ್ತಿಲ್ಲ. ಕಾಗದದ ಮೇಲಿನ ಸುಳ್ಳು ಕಾಗದದಲ್ಲಿಯೇ ಉಳಿಯುವುದಿಲ್ಲ. ತಂದೆ ಬರೆಸಿದ್ದನ್ನು ಮಗ ಮುಚ್ಚಿಟ್ಟುಕೊಂಡು ಬೆಳೆಯಬೇಕಾಗುತ್ತದೆ. ಅರ್ಜಿಯಲ್ಲಿ ಕ್ರೈಸ್ತನೆಂದೇ ಬರೆದು, ಬಂದ ನಷ್ಟವನ್ನು ಮೌನವಾಗಿ ನುಂಗಿ, ಮತ್ತೆ ಕೂಲಿಗೆ ಹೋದವರು ನಮ್ಮ ನಡುವೆ ಇದ್ದಾರೆ. ಅವರ ಹೆಸರು ಯಾವ ಚರಿತ್ರೆಯಲ್ಲೂ ಬರಲಾರದು. ನನ್ನ ಮಟ್ಟಿಗೆ ಅವರೇ ನಮ್ಮ ಸೀಮೆಯ ಸಾಕ್ಷಿಗಳು. ಆದರೆ ಅವರನ್ನು ಹೊಗಳಿ ಕೈತೊಳೆದುಕೊಳ್ಳುವ ಹಕ್ಕು, ಏನನ್ನೂ ಕಳೆದುಕೊಳ್ಳದ ನಮ್ಮಂಥವರಿಗೆ ಇಲ್ಲ.

ಸರಕಾರದ ಮಟ್ಟದಲ್ಲಿ ಈ ಪ್ರಶ್ನೆ ಸತ್ತಿಲ್ಲ. 2007ರಲ್ಲಿ ರಂಗನಾಥ ಮಿಶ್ರ ಆಯೋಗವು ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮದಿಂದ ಬೇರ್ಪಡಿಸಬೇಕೆಂದು ಶಿಫಾರಸು ಮಾಡಿತು. 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ಕಾನೂನು ತನ್ನ ದಾರಿಯಲ್ಲಿ ನಡೆಯಲಿ. ಸಭೆಯು ಅದಕ್ಕಾಗಿ ಕಾಯಬೇಕಾಗಿಲ್ಲ. ನಿಜ ಬರೆಸಿದ್ದರಿಂದ ವಿದ್ಯಾರ್ಥಿವೇತನ ಕಳೆದುಕೊಂಡ ಹುಡುಗಿಯ ಶುಲ್ಕವನ್ನು ಸುಗ್ಗಿಯ ಕಾಣಿಕೆಯಿಂದ ಕಟ್ಟಬಹುದು. ಬೇರೆ ಹೆಸರು ಬರೆಸಿದವನು ಹಿಂದಿನ ಸಾಲಿನಲ್ಲಿ ಬಂದು ಕುಳಿತರೆ, ಸ್ವಲ್ಪ ಸರಿದು ಜಾಗ ಕೊಡಬಹುದು.

ನಿಷ್ಠೆಗೆ ಬೆಲೆಯುಂಟು. ಅದನ್ನು ಬಡವನೊಬ್ಬನೇ ತೆರಬೇಕೆಂದು ಯಾವ ಸುವಾರ್ತೆಯೂ ಹೇಳಿಲ್ಲ.