‘ಬಾ’ ಅಂದವರು ‘ಪೋ’ ಅಂದದ್ದೇಕೆ?



ನಾನು ಕೆಲಸಕ್ಕೆ ಸೇರಿದ ಹೊಸತು. ನಾಲ್ಕನೆಯ ತರಗತಿಯ ಕಿರುಪರೀಕ್ಷೆಯಲ್ಲಿ ಪಂಜೆ ಮಂಗೇಶರಾಯರ ಕಾವ್ಯನಾಮ ಯಾವುದು ಎಂದು ಕೇಳಿದ್ದೆ. ಒಬ್ಬ ಹುಡುಗ ‘ಕವಿಶಿಕ್ಷೆ’ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ರಾತ್ರಿ ಮಲಗಿದಾಗ ಹುಡುಗ ಬರೆದದ್ದೇ ಸರಿ ಅನ್ನಿಸಿತು. 1874ರಲ್ಲಿ ಬಂಟ್ವಾಳದಲ್ಲಿ ಜನನ, 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1937ರಲ್ಲಿ ನಿಧನ ಎಂದು ಮೂರು ದಿನ ಬಾಯಿಪಾಠ ಮಾಡಿಸಿದ್ದೆನಲ್ಲ, ಅದು ಶಿಕ್ಷೆಯಲ್ಲದೆ ಮತ್ತೇನು?

ಆ ಕಾವ್ಯನಾಮ ‘ಕವಿಶಿಷ್ಯ’. ಪಂಜೆಯವರು ಮೇಷ್ಟ್ರಾಗಿದ್ದವರು, ಶಾಲಾ ಇನ್ಸ್‌ಪೆಕ್ಟರಾಗಿದ್ದವರು, ಮಡಿಕೇರಿಯಲ್ಲಿ ಹೆಡ್ಮಾಸ್ಟರಾಗಿದ್ದವರು. ಇಷ್ಟೆಲ್ಲ ಆಗಿದ್ದೂ ಹೆಸರಿಟ್ಟುಕೊಳ್ಳುವಾಗ ಶಿಷ್ಯ ಎಂದೇ ಇಟ್ಟುಕೊಂಡರು. ಇದನ್ನು ಮಕ್ಕಳಿಗೆ ಹೇಳಿ ನೋಡಿ, ಕಣ್ಣರಳಿಸುತ್ತಾರೆ. ಮೇಷ್ಟ್ರೂ ಶಿಷ್ಯ ಆಗಬಹುದಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಸವಿಗಳು ಆಮೇಲೆ ಬರಲಿ, ಅವಸರವೇನಿಲ್ಲ.

ಮೊದಲು ಹಾಡು. ಪಂಜೆಯವರ ‘ನಾಗರಹಾವೆ’ ಪದ್ಯವನ್ನು ನಾವೆಲ್ಲ ಕಲಿತವರೇ. ಒಂದೊಂದು ನುಡಿಯೂ ಒಂದೇ ಅಕ್ಷರದ ಮಾತಿಗೆ ಬಂದು ನಿಲ್ಲುತ್ತದೆ, ಆ ಅಕ್ಷರವೇ ಮತ್ತೆ ಮತ್ತೆ ಮೊಳಗುತ್ತದೆ. ಶುರುವಿನಲ್ಲಿ ‘ಬಾ’, ಕೊನೆಯಲ್ಲಿ ‘ಪೋ’. ನಡುವೆ ಏನೆಲ್ಲ ನಡೆದುಹೋಗುತ್ತದೆ! ಕೈಮುಗಿಯುವುದು, ಹಾಲಿನ ಆಸೆ ತೋರಿಸುವುದು, ಕೊಳಲು ಊದುವುದು, ಹೆಡೆಯಾಡಿಸು ಎನ್ನುವುದು, ಚಿನ್ನ ಕೊಡು ಎಂದು ಕೇಳುವುದು. ಅಷ್ಟು ಅಕ್ಕರೆಯಿಂದ ಕರೆದ ಬಾಯೇ ಕಡೆಗೆ ಹೋಗು ಅನ್ನುತ್ತದೆ. ಯಾಕೆ? ಹೆದರಿಕೆಯೋ, ಕೇಳಿದ್ದು ಸಿಗಲಿಲ್ಲವೆಂಬ ಮುನಿಸೋ? ನನ್ನ ತರಗತಿಯಲ್ಲಿ ಒಂದು ಹುಡುಗಿ, ‘ಸಾರ್, ಹಾವು ನಿಜವಾಗಿಯೂ ಬಂದುಬಿಟ್ಟಿತು, ಅದಕ್ಕೇ’ ಅಂದಳು. ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಯಾವ ಗೈಡಿನಲ್ಲೂ ಇಲ್ಲ.

ಹಾವು ಹಾಲು ಕುಡಿಯುತ್ತದೆಯೇ ಎಂದೂ ಕೇಳುತ್ತಾರೆ. ಇಲ್ಲ ಎಂದು ನೇರವಾಗಿ ಹೇಳಿಬಿಡಿ. ಪದ್ಯಕ್ಕೆ ಅದರಿಂದ ಕುಂದೇನೂ ಬರುವುದಿಲ್ಲ.

ಪಂಜೆಯವರ ‘ತೆಂಕಣ ಗಾಳಿಯಾಟ’ ಪದ್ಯವನ್ನು ಮಾತ್ರ ದಯವಿಟ್ಟು ಕುಳಿತಲ್ಲೇ ಕೂರಿಸಿ ಓದಿಸಬೇಡಿ. ಕಡಲ ಕಡೆಯಿಂದ ನುಗ್ಗಿ ಬರುವ ಗಾಳಿ ಅದು, ಕರಾವಳಿಯವರಿಗೆ ಅದರ ರಭಸ ಗೊತ್ತು. ಓದುವವರ ಉಸಿರೇ ಓಡತೊಡಗುತ್ತದೆ. ಮಕ್ಕಳು ಎದ್ದು ನಿಲ್ಲಲಿ, ಕೈ ಬೀಸಲಿ, ಪಕ್ಕದ ತರಗತಿಯವರು ಬಾಗಿಲಲ್ಲಿ ಬಂದು ಬೈಯಲಿ. ಅರ್ಥ, ಪದಕೋಶ, ಬಿಟ್ಟಸ್ಥಳ ತುಂಬುವುದು ಎಲ್ಲ ಮರುದಿನಕ್ಕಿರಲಿ.

ನಾನು ಹೇಳಬೇಕೆಂದು ಬಂದದ್ದು ಇನ್ನೊಂದಿದೆ. ಪಂಜೆಯವರ ಮನೆಮಾತು ಕೊಂಕಣಿ. ಬಂಟ್ವಾಳದ ಬೀದಿಯ ಮಾತು ತುಳು. ಕನ್ನಡ ಅಲ್ಲಿ ಶಾಲೆಯ ಭಾಷೆ, ಪುಸ್ತಕದ ಭಾಷೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಬಂದ ಮಕ್ಕಳ ನಾಲಿಗೆಗೆ ಕನ್ನಡವನ್ನು ಹತ್ತಿಸಬೇಕಿತ್ತು. ಆ ಒಂದಕ್ಷರದ ಮಾತುಗಳು, ಮರಳಿ ಮರಳಿ ಬರುವ ಸದ್ದು, ‘ಸಿಗಡಿ ಯಾಕೆ ಒಣಗಲಿಲ್ಲ’ ಕತೆಯಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸುತ್ತ ಸರಪಳಿಯಂತೆ ಬೆಳೆಯುವ ಪ್ರಶ್ನೋತ್ತರ, ಇವೆಲ್ಲ ಬರೀ ಚಂದಕ್ಕೆ ಇಟ್ಟದ್ದಲ್ಲ ಎಂದು ನನ್ನ ನಂಬಿಕೆ. ಒಂದೇ ವಾಕ್ಯವನ್ನು ಹತ್ತು ಸಲ ಹೇಳಿಸಿದರೂ ಮಗುವಿಗೆ ಬೇಸರ ಬಾರದಂತೆ ಮಾಡುವುದು ನುರಿತ ಮೇಷ್ಟ್ರ ಕೈಚಳಕ. ತುಳುವಿನ ಹಾಡುಗತೆಯಾದ ಪಾಡ್ದನದ ವೀರರಾದ ಕೋಟಿ ಚೆನ್ನಯರನ್ನು ಕನ್ನಡದ ಗದ್ಯಕ್ಕೆ ತಂದವರೂ ಇವರೇ.

ಇವತ್ತಿನ ಬೆಂಗಳೂರಿನ ತರಗತಿಯನ್ನು ನೆನೆಸಿಕೊಳ್ಳಿ. ತೆಲುಗು, ತಮಿಳು, ಉರ್ದು, ಹಿಂದಿ ಆಡುವ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಈ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಗೊಣಗುವ ನಾವು, ಇಂಥ ಮಕ್ಕಳಿಗೆಂದೇ ಬರೆದಂತಿರುವ ಲೇಖಕರನ್ನು ಐದು ಅಂಕದ ಟಿಪ್ಪಣಿ ಮಾಡಿ ಕೂರಿಸಿದ್ದೇವೆ.

ಪಂಜೆಯವರ ‘ಹುತ್ತರಿ ಹಾಡು’ ಸ್ವಲ್ಪ ದೊಡ್ಡ ಮಕ್ಕಳಿಗೆ. ಪದಗಳು ಬಿಗಿ. ಆದರೆ ಕರಾವಳಿಯಿಂದ ಘಟ್ಟ ಹತ್ತಿ ಹೋದವರೊಬ್ಬರು ಬರೆದ ಹಾಡನ್ನು ಕೊಡಗಿನವರು ತಮ್ಮ ನಾಡಗೀತೆಯಂತೆ ಹಾಡುತ್ತಾರೆ ಎಂಬುದನ್ನು ಹೇಳಲು ಮರೆಯಬೇಡಿ. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ರಾತ್ರಿ ತುಂಬು ಬೆಳದಿಂಗಳಲ್ಲಿ ಗದ್ದೆಗೆ ಹೋಗಿ, ಗುಂಡು ಹಾರಿಸಿ, ಹೊಸ ಭತ್ತದ ಕದಿರು ಕೊಯ್ದು ಮನೆಗೆ ತರುವುದನ್ನು ಕಂಡ ಮಗು ತರಗತಿಯಲ್ಲಿದ್ದರೆ, ಅಂದಿನ ಪಾಠವನ್ನು ಅದಕ್ಕೇ ಬಿಟ್ಟುಕೊಡಿ.

ಇಲ್ಲಿರುವ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೋರಿಕೆ. ಸೋಮವಾರ ಹಾಜರಿ ಕರೆದ ಮೇಲೆ ಪುಸ್ತಕ ತೆರೆಯಬೇಡಿ. ‘ನಾಗರಹಾವೆ’ಯನ್ನು ಒಂದು ಸಲ ಬಾಯಿಬಿಟ್ಟು ಹಾಡಿ. ರಾಗ ತಪ್ಪಿದರೆ ಮಕ್ಕಳು ತಿದ್ದುತ್ತಾರೆ, ತಿದ್ದಿಸಿಕೊಳ್ಳಿ.